ಧರ್ಮಕಥೆಗೆ ರಾಕ್ ಒಪೆರಾದ ದನಿ

ಮಹಾಪುರುಷರ ಚರಿತ್ರೆಯನ್ನು ಓದಿ ತಿಳಿದವರಿಗಿಂತ ಕೇಳಿ ತಿಳಿದವರೇ ಲೋಕದಲ್ಲಿ ಹೆಚ್ಚು. ಗ್ರಂಥವು ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಧರ್ಮಕಥೆಯನ್ನು ಮನೆಮನೆಗೆ ಮುಟ್ಟಿಸಿದ್ದು ಹಾಡು ಮತ್ತು ಆಟ. ಆಯಾ ಕಾಲದ ಜನರು ಯಾವ ರಾಗಕ್ಕೆ, ಯಾವ ವಾದ್ಯಕ್ಕೆ ಕಿವಿಗೊಡುತ್ತಾರೆಯೋ ಆ ರಾಗದಲ್ಲಿ, ಆ ವಾದ್ಯದೊಡನೆ ಕಥೆಯು ಬರುವುದು ಸಹಜವೇ ಆಗಿದೆ. ಆದರೆ ವಾದ್ಯ ಬದಲಾದಾಗಲೆಲ್ಲ ಹಿರಿಯರ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟುತ್ತದೆ. ಪವಿತ್ರವಾದುದು ಬೀದಿಪಾಲಾಗುತ್ತಿದೆಯೇ ಎಂಬ ಆ ಅಳುಕನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದು ಬಹು ತೀವ್ರವಾಗಿ ಪ್ರಕಟಗೊಂಡದ್ದು ಕ್ರೈಸ್ತ ಜಗತ್ತಿನಲ್ಲಿ, ‘ರಾಕ್ ಒಪೆರಾ’ ಎಂಬ ಹೊಸ ರಂಗಪ್ರಕಾರವು ಯೇಸುವಿನ ಕಥೆಯನ್ನು ಎತ್ತಿಕೊಂಡಾಗ. ಅಲ್ಲಿ ನಡೆದ ವಾದವಿವಾದಗಳು ನಮಗೂ ವಿಚಾರಯೋಗ್ಯವಾಗಿವೆ.

ಮೊದಲು ಹೆಸರಿನ ಅರ್ಥವನ್ನು ನೋಡೋಣ. ಒಪೆರಾ ಎಂದರೆ ಆದ್ಯಂತವಾಗಿ ಗಾನದಲ್ಲಿಯೇ ನಡೆಯುವ ನಾಟಕ. ನಮ್ಮ ಕಂಪನಿ ನಾಟಕಗಳಲ್ಲಿ ಮಾತಿನ ನಡುವೆ ರಂಗಗೀತೆಗಳು ಬರುತ್ತಿದ್ದವು. ಒಪೆರಾದಲ್ಲಿ ಜಗಳವೂ ಹಾಡು, ನ್ಯಾಯವಿಚಾರಣೆಯೂ ಹಾಡು, ಮರಣವೂ ಹಾಡು. ಇಟಲಿಯಲ್ಲಿ 1600ರ ಆಸುಪಾಸಿನಲ್ಲಿ ಈ ಕಲೆ ರೂಪುಗೊಂಡಿತು. ರಾಕ್ ಎಂಬುದಾದರೋ 1950ರ ದಶಕದಲ್ಲಿ ಅಮೆರಿಕದಲ್ಲಿ, ಆಫ್ರಿಕನ್ ಮೂಲದ ಜನರ ಸಂಗೀತದ ಬೇರಿನಿಂದ ಚಿಗುರಿದ ಯುವಜನರ ಸಂಗೀತ. ವಿದ್ಯುತ್ ಗಿಟಾರು, ಡ್ರಮ್ಮು, ತಾರಸ್ಥಾಯಿಯ ಕಂಠ, ಇವು ಅದರ ಲಕ್ಷಣಗಳು. ಒಂದು ಅರಮನೆಯಲ್ಲಿ ಬೆಳೆದ ಕಲೆ, ಇನ್ನೊಂದು ಬೀದಿಯಲ್ಲಿ ಬೆಳೆದದ್ದು. ಇವೆರಡರ ಸಂಬಂಧ ಕೂಡಿಬಂದದ್ದು 1960ರ ದಶಕದ ಕೊನೆಯಲ್ಲಿ.

ಆದರೆ ಕ್ರೈಸ್ತರಲ್ಲಿ ಧರ್ಮಕಥೆಯನ್ನು ಆಡಿ ತೋರಿಸುವ ಪದ್ಧತಿ ಅದಕ್ಕಿಂತ ಎಷ್ಟೋ ಪ್ರಾಚೀನವಾದುದು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಮಧ್ಯಯುಗದ ಜನರು ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ಸೃಷ್ಟಿಯಿಂದ ಹಿಡಿದು ಅಂತಿಮ ತೀರ್ಪಿನವರೆಗಿನ ಸಮಸ್ತ ಕಥೆಯನ್ನು ಗಾಡಿಗಳ ಮೇಲೆ ಬೀದಿಬೀದಿಯಲ್ಲಿ ಆಡುತ್ತಿದ್ದರು. ಒಟ್ಟು 48 ಆಟಗಳು. ಒಂದೊಂದು ಆಟ ಒಂದೊಂದು ಕಸುಬಿನ ಸಂಘದ ಹೊಣೆ. ನೋಹನು ನಾವೆ ಕಟ್ಟುವ ಆಟವನ್ನು ಹಡಗು ಕಟ್ಟುವ ಬಡಗಿಗಳು ಆಡಬೇಕು. ಕೊನೆಯ ಭೋಜನದ ಆಟ ರೊಟ್ಟಿ ಸುಡುವವರದು. ಯೇಸುವನ್ನು ಶಿಲುಬೆಗೆ ಜಡಿಯುವ ಆಟ ಮೊಳೆ ಮಾಡುವವರ ಪಾಲಿಗೆ. ಕಾಯಕವನ್ನು ಬಲ್ಲ ನಮ್ಮ ವಾಚಕರಿಗೆ ಈ ಹಂಚಿಕೆಯ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ದಿನವೂ ತಾನು ಮಾಡುವ ಮೊಳೆಯನ್ನು ಆ ದಿನ ಆ ಅಂಗೈಯ ಮೇಲಿಟ್ಟು ಹೊಡೆಯಬೇಕಾದವನ ಮನಸ್ಸಿನಲ್ಲಿ ಏನು ನಡೆಯುತ್ತಿದ್ದಿರಬೇಕು! ಧರ್ಮಸುಧಾರಣೆಯ ಗಾಳಿ ಬೀಸಿದ ಬಳಿಕ ಈ ಆಟಗಳು 1569ರಲ್ಲಿ ನಿಂತುಹೋದವು. ಮತ್ತೆ ಅವು ಯಾರ್ಕಿನಲ್ಲಿ ಕಾಣಿಸಿಕೊಂಡದ್ದು 1951ರಲ್ಲಿ.

ನಡುವಿನ ಕಾಲದಲ್ಲಿ ಇಂಗ್ಲೆಂಡಿನ ರಂಗಭೂಮಿಯ ಮೇಲೆ ಯೇಸು ಬರುವಂತಿರಲಿಲ್ಲ. 1737ರ ಕಾನೂನಿನಂತೆ ಪ್ರತಿಯೊಂದು ಹೊಸ ನಾಟಕಕ್ಕೂ ಲಾರ್ಡ್ ಚೇಂಬರ್ಲೇನ್ ಎಂಬ ಅರಮನೆಯ ಅಧಿಕಾರಿಯ ಪರವಾನಗಿ ಬೇಕಾಗಿತ್ತು. ದೇವರನ್ನಾಗಲಿ ಯೇಸುವನ್ನಾಗಲಿ ಪಾತ್ರವಾಗಿ ತರುವುದಕ್ಕೆ ಆ ಕಚೇರಿಯು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಈ ಪರವಾನಗಿಯ ಪದ್ಧತಿ ರದ್ದಾದದ್ದು 1968ರ ಸೆಪ್ಟೆಂಬರಿನಲ್ಲಿ. ನಾವು ಹೇಳಲಿರುವ ಕಥೆಗೆ ಈ ಇಸವಿಯು ಬಹು ಮುಖ್ಯ.

ಆಟ ನಿಂತರೂ ಹಾಡು ನಿಲ್ಲಲಿಲ್ಲ. ರೋಮಿನಲ್ಲಿ 16ನೆಯ ಶತಮಾನದಲ್ಲಿ ಸಂತ ಫಿಲಿಪ್ ನೇರಿಯು ಜನರನ್ನು ಪ್ರಾರ್ಥನಾಮಂದಿರಕ್ಕೆ ಸೆಳೆಯಲು ಸುಲಭವಾದ ಹಾಡುಗಳನ್ನು ಬಳಸಿಕೊಂಡನು. ಅಲ್ಲಿಂದ ಬೆಳೆದುಬಂದ ಪ್ರಕಾರಕ್ಕೆ ಪ್ರಾರ್ಥನಾಮಂದಿರದ ಹೆಸರೇ ನಿಂತು ಒರಟೋರಿಯೊ ಎನಿಸಿತು. ಇದರಲ್ಲಿ ವೇಷವಿಲ್ಲ, ಅಭಿನಯವಿಲ್ಲ, ನಿಂತು ಹಾಡುವುದಷ್ಟೆ. ಹ್ಯಾಂಡೆಲನ ‘ಮೆಸಾಯಾ’ ಈ ಜಾತಿಯದು. 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಅದು ಮೊದಲ ಬಾರಿಗೆ ನಡೆಯಿತು. ಸ್ಥಳ ಸಾಲದೆಂದು ಹೆಂಗಸರು ಲಂಗದೊಳಗಿನ ಬಳೆಚೌಕಟ್ಟುಗಳನ್ನು ಬಿಟ್ಟು ಬರಬೇಕು, ಗಂಡಸರು ಕತ್ತಿ ಕಟ್ಟಿಕೊಳ್ಳದೆ ಬರಬೇಕು ಎಂದು ಮೊದಲೇ ಪ್ರಕಟಣೆ ಹೊರಡಿಸಿದ್ದರಂತೆ. ಅದರ ಹಣದಿಂದ ಸಾಲಕ್ಕಾಗಿ ಸೆರೆಯಲ್ಲಿದ್ದವರನ್ನು ಬಿಡಿಸಲಾಯಿತು. ಇಷ್ಟೆಲ್ಲ ಪುಣ್ಯಕಾರ್ಯ ನಡೆದಿದ್ದರೂ ಮರುವರ್ಷ ಲಂಡನ್ನಿನಲ್ಲಿ ಅದನ್ನು ಹಾಡಿಸಿದಾಗ ಆಕ್ಷೇಪ ಎದ್ದಿತು: ದೇವರ ವಾಕ್ಯವನ್ನು ನಾಟಕಶಾಲೆಯಲ್ಲಿ, ನಾಟಕದವರ ಬಾಯಿಂದ ಹಾಡಿಸುವುದೇ? ಜಾಹೀರಾತಿನಲ್ಲಿ ‘ಮೆಸಾಯಾ’ ಎಂಬ ಹೆಸರನ್ನು ಮರೆಮಾಡಿ ‘ಒಂದು ಹೊಸ ಪವಿತ್ರ ಒರಟೋರಿಯೊ’ ಎಂದಷ್ಟೇ ಹಾಕಬೇಕಾಯಿತು. ಇಂದು ಅದೇ ಕೃತಿಯನ್ನು ಇಗರ್ಜಿಗಳಲ್ಲಿಯೇ ಭಕ್ತಿಯಿಂದ ಹಾಡುತ್ತಾರೆ. ರಾಕ್ ಒಪೆರಾದ ವಿಷಯವಾಗಿ ತೀರ್ಪು ಕೊಡಹೊರಡುವವರು ಈ ಪ್ರಸಂಗವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

1969ರ ಮೇ ತಿಂಗಳಲ್ಲಿ ‘ದಿ ಹೂ’ ಎಂಬ ಇಂಗ್ಲಿಷ್ ವಾದ್ಯಮೇಳದವರು ‘ಟಾಮಿ’ ಎಂಬ ಕಥನಗೀತೆಯನ್ನು ಎರಡು ಗ್ರಾಮಫೋನ್ ತಟ್ಟೆಗಳಲ್ಲಿ ಹೊರತಂದರು. ರಾಕ್ ಒಪೆರಾ ಎಂಬ ಹೆಸರು ಜನರ ಬಾಯಲ್ಲಿ ನಿಂತದ್ದು ಅದರಿಂದಲೇ. ಕಾಣದ, ಕೇಳದ, ಮಾತನಾಡದ ಬಾಲಕನೊಬ್ಬನು ಒಳಗಣ ಅನುಭವದಿಂದ ಎಚ್ಚೆತ್ತು ಗುರುವಾಗುವುದು, ಅನುಯಾಯಿಗಳು ಕೊನೆಗೆ ಅವನನ್ನು ತೊರೆಯುವುದು ಅದರ ವಸ್ತು. ಇದು ಯಾವ ಧರ್ಮಗ್ರಂಥದ ಕಥೆಯೂ ಅಲ್ಲ. ಆದರೆ ಅದನ್ನು ರಚಿಸಿದ ಪೀಟ್ ಟೌನ್‌ಶೆಂಡ್ ನಮ್ಮ ದೇಶದ ಮೆಹೆರ್ ಬಾಬಾ ಅವರ ಅನುಯಾಯಿ ಎಂಬುದು ಅನೇಕರಿಗೆ ತಿಳಿಯದು. ಪುಣೆಯಲ್ಲಿ ಹುಟ್ಟಿ, ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಬಳಿಯ ಮೆಹೆರಾಬಾದಿನಲ್ಲಿ ಆಶ್ರಮ ಕಟ್ಟಿದ ಬಾಬಾ, 1925ರ ಜುಲೈ 10ರಿಂದ 1969ರ ಜನವರಿ 31ರಂದು ದೇಹ ಬಿಡುವವರೆಗೆ ಒಂದು ಮಾತನ್ನೂ ಆಡಲಿಲ್ಲ. ಮೌನದಲ್ಲಿದ್ದ ಗುರುವಿನ ಶಿಷ್ಯನು ಮಾತಿಲ್ಲದ ಬಾಲಕನ ಕಥೆಯನ್ನು ಲೋಕದಲ್ಲಿಯೇ ಅತ್ಯಂತ ಗದ್ದಲದ ವಾದ್ಯಗಳಲ್ಲಿ ಹೇಳಿದ್ದು ವಿಚಿತ್ರವೆನಿಸಿದರೂ ಸತ್ಯ.

ಧರ್ಮಗ್ರಂಥದ ಕಥೆಯನ್ನೇ ನೇರವಾಗಿ ತೆಗೆದುಕೊಂಡವರು ಇಬ್ಬರು ಇಂಗ್ಲಿಷ್ ತರುಣರು: ಸಂಗೀತ ಕಟ್ಟಿದ ಆಂಡ್ರೂ ಲಾಯ್ಡ್ ವೆಬ್ಬರ್, ಸಾಹಿತ್ಯ ಬರೆದ ಟಿಮ್ ರೈಸ್. ಮೊದಲನೆಯವನ ತಂದೆ ಇಗರ್ಜಿಯ ಆರ್ಗನ್ ವಾದಕರು. ಮನೆಯೇ ಸಂಗೀತದ ಪಾಠಶಾಲೆ. ಲಂಡನ್ನಿನ ಕಾಲೆಟ್ ಕೋರ್ಟ್ ಶಾಲೆಯ ಸಂಗೀತದ ಉಪಾಧ್ಯಾಯರಾದ ಆಲನ್ ಡಾಗೆಟ್ ತಮ್ಮ ಹುಡುಗರು ಹಾಡುವುದಕ್ಕೆ ಏನಾದರೂ ಬರೆದುಕೊಡಿರೆಂದು ಕೇಳಿದಾಗ ಇವರು ಆರಿಸಿಕೊಂಡದ್ದು ಆದಿಕಾಂಡದ ಯೋಸೇಫನ ಕಥೆ. 1968ರ ಮಾರ್ಚ್ 1ರಂದು ಶಾಲೆಯ ಸಭಾಂಗಣದಲ್ಲಿ, ಹೆಚ್ಚೆಂದರೆ ಇಪ್ಪತ್ತು ನಿಮಿಷದ ಹಾಡಾಗಿ ಅದು ನಡೆಯಿತು. ಆಗ ವೆಬ್ಬರನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ; ರೈಸನಿಗೆ ಇಪ್ಪತ್ತಮೂರು. ಮಗ ಆ ಶಾಲೆಯಲ್ಲಿ ಓದುತ್ತಿದ್ದ ಕಾರಣ ಅದನ್ನು ಕೇಳಿದ ಪತ್ರಿಕಾ ವಿಮರ್ಶಕರೊಬ್ಬರು ಮೆಚ್ಚಿ ಬರೆದರು. ಆ ಪುಟ್ಟ ಹಾಡೇ ಮುಂದೆ ಬೆಳೆಬೆಳೆದು ಪೂರ್ಣಪ್ರಮಾಣದ ನಾಟಕವಾಯಿತು. ಇಂದಿಗೂ ಇಂಗ್ಲೆಂಡು, ಅಮೆರಿಕಗಳ ಶಾಲಾವಾರ್ಷಿಕೋತ್ಸವಗಳಲ್ಲಿ ಅದು ಅಚ್ಚುಮೆಚ್ಚಿನದು. ಬಣ್ಣದ ಅಂಗಿ, ಹೊಟ್ಟೆಕಿಚ್ಚಿನ ಅಣ್ಣಂದಿರು, ಕನಸುಗಳು, ಈಜಿಪ್ಟಿನ ಫರೋಹ. ಈ ಫರೋಹನು ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿಯ ಧಾಟಿಯಲ್ಲಿ ಹಾಡುತ್ತಾನೆ. ಆತನನ್ನು ಅಲ್ಲಿಯ ಜನ ‘ರಾಜ’ನೆಂದೇ ಕರೆಯುತ್ತಿದ್ದರಷ್ಟೆ. ಯಾರಿಗೂ ನೋವಾಗದ ನಗೆ ಇದು. ದೇವರು ಪಾತ್ರವಾಗಿ ಬರುವುದೇ ಇಲ್ಲವಾದ್ದರಿಂದ ಆಕ್ಷೇಪಕ್ಕೂ ಅವಕಾಶ ಕಡಿಮೆ.

ಅಮೆರಿಕದಲ್ಲಿ ನೆಲೆಸಿರುವ ಭಕ್ತರೊಬ್ಬರು ರಜೆಗೆ ಊರಿಗೆ ಬಂದಾಗ ಈ ನಾಟಕದ ಪ್ರಸ್ತಾಪವನ್ನೇ ತೆಗೆದರು. ಅವರ ಮಗಳಿಗೆ ಶಾಲೆಯಲ್ಲಿ ಇದರ ನಿರೂಪಕಿಯ ಪಾತ್ರ ದೊರೆತಿತ್ತು. “ಗುರುಗಳೇ, ಬೇರೆ ಧರ್ಮದ ಕಥೆ. ಮೇಲಾಗಿ ಈ ಗದ್ದಲದ ಸಂಗೀತ. ಹಾಡಲೆಂದು ಬಿಡಬಹುದೇ?” ಎಂದು ಅವರು ಸಂಕೋಚದಿಂದ ಕೇಳಿದರು. ಯೋಸೇಫನ ಕಥೆ ನಿಮಗೆ ಗೊತ್ತೇ ಎಂದು ನಾನು ಕೇಳಿದೆ. ಅವರಿಗೆ ತಿಳಿದಿರಲಿಲ್ಲ, ಮಗಳಿಗೂ ಹಾಡಿನಲ್ಲಿದ್ದಷ್ಟೇ ತಿಳಿದಿತ್ತು. ಆದಿಕಾಂಡದ 37ನೆಯ ಅಧ್ಯಾಯದಿಂದ ಕೊನೆಯವರೆಗೆ ತಂದೆ ಮಗಳು ಕೂಡಿ ಓದಿರಿ, ಆಮೇಲೆ ಅವಳು ಧಾರಾಳವಾಗಿ ಹಾಡಲಿ ಎಂದೆ. ಹೀಗೆ ಹೇಳಿದ್ದಕ್ಕೆ ಕಾರಣವಿದೆ. ನಾಟಕದಲ್ಲಿ ಯೋಸೇಫನು ತನ್ನನ್ನು ಮಾರಿದ ಅಣ್ಣಂದಿರಿಗೆ ಗುರುತು ಹೇಳಿಕೊಳ್ಳುವ ಸನ್ನಿವೇಶ ನಲಿವಿನ ಹಾಡಿನಲ್ಲಿ ಮುಗಿದುಹೋಗುತ್ತದೆ. ಮೂಲದ 45ನೆಯ ಅಧ್ಯಾಯದಲ್ಲಿ ಅವನು ಎಲ್ಲ ಪರಿವಾರವನ್ನೂ ಹೊರಗೆ ಕಳುಹಿಸಿ, ಅರಮನೆಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅಳುತ್ತಾನೆ. ಕ್ಷಮೆಯ ಬೆಲೆ ಆ ಅಳುವಿನಲ್ಲಿದೆ. ಹದಿಮೂರು ವರ್ಷದ ಹುಡುಗಿಗೆ ಅದನ್ನು ಹೇಳುವವರು ಮನೆಯಲ್ಲಿ ಬೇಕು.

ಇನ್ನು ನಿಜವಾದ ಬಿರುಗಾಳಿಯ ಮಾತು. ಯೋಸೇಫನ ಬಳಿಕ ಈ ಇಬ್ಬರು ಕೈಹಾಕಿದ್ದು ಯೇಸುವಿನ ಕೊನೆಯ ಏಳು ದಿನಗಳ ಕಥೆಗೆ. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಎಂದು ಅದರ ಹೆಸರು. ಹೆಸರೇ ಕೆಣಕುವಂಥದು; ಸಿನಿಮಾ ನಟರಿಗೆ ಸಲ್ಲುವ ಪದವನ್ನು ದೇವಪುತ್ರನಿಗೆ ಹಚ್ಚಿದ್ದರು. ರಂಗಕ್ಕೆ ತರಲು ಯಾರೂ ಮುಂದೆ ಬರಲಿಲ್ಲ. ರಿಕಾರ್ಡು ಕಂಪನಿಯವರು ಮೊದಲು ಒಂದೇ ಹಾಡನ್ನು ಹೊರತಂದು ನೋಡೋಣ ಎಂದರು. 1969ರ ನವೆಂಬರಿನಲ್ಲಿ ಬಂದ ಆ ಹಾಡು ದಾರಿ ಮಾಡಿಕೊಟ್ಟಿತು. 1970ರಲ್ಲಿ ಪೂರ್ಣ ಕೃತಿಯು ಎರಡು ತಟ್ಟೆಗಳಲ್ಲಿ ಹೊರಬಂದಿತು. ಹೀಗೆ ನಾಟಕವಾಗುವ ಮೊದಲೇ ಅದು ಮನೆಮನೆಯಲ್ಲಿ ಕೇಳುವ ಕಥೆಯಾಯಿತು. 1971ರಲ್ಲಿ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಅದೇ ಮೊದಲನೆಯದು. ಪರವಾನಗಿಯಿಲ್ಲದೆ ಶಾಲೆಗಳಲ್ಲಿ, ಇಗರ್ಜಿಗಳಲ್ಲಿ ಹಾಡಲಾರಂಭಿಸಿದವರನ್ನು ತಡೆಯಲು ನಿರ್ಮಾಪಕ ರಾಬರ್ಟ್ ಸ್ಟಿಗ್‌ವುಡ್ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಖಂಡಿಸಿದವರೂ ಇಗರ್ಜಿಯವರೇ, ಕದ್ದು ಹಾಡಿದವರಲ್ಲಿಯೂ ಇಗರ್ಜಿಯವರು!

ಸಂಗೀತದ ವಿಷಯವಾಗಿ ಒಂದು ಮಾತು. ಇದು ಕೇವಲ ಕೂಗಾಟವೆಂದು ಕೇಳದೆಯೇ ಹೇಳುವವರಿದ್ದಾರೆ. ಗಿಟಾರು ಡ್ರಮ್ಮುಗಳ ಜೊತೆಗೆ ಶಾಸ್ತ್ರೀಯ ವಾದ್ಯವೃಂದವೂ ಇದೆ, ಸಮೂಹಗಾನವೂ ಇದೆ. ಅದನ್ನು ನಡೆಸಿದವರು ಶಾಲೆಯ ಅದೇ ಆಲನ್ ಡಾಗೆಟ್. ಯೇಸುವನ್ನು ಉಪಚರಿಸುತ್ತ ಮಗ್ದಲದ ಮರಿಯಳು ಹಾಡುವ ಸಾಂತ್ವನದ ಹಾಡು ಐದು ಮಾತ್ರೆಗಳ ಲಯದಲ್ಲಿದೆ. ದೇವಾಲಯದಲ್ಲಿ ವ್ಯಾಪಾರಿಗಳ ಗದ್ದಲವು ಏಳು ಮಾತ್ರೆಗಳಲ್ಲಿ. ಪಾಶ್ಚಾತ್ಯ ಜನಪ್ರಿಯ ಸಂಗೀತವು ನಾಲ್ಕರ ಲೆಕ್ಕವನ್ನು ಬಿಟ್ಟು ಕದಲುವುದು ಅಪರೂಪ. ಖಂಡಛಾಪು, ಮಿಶ್ರಛಾಪುಗಳನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಆ ನಡೆ ಹತ್ತಿರದ್ದೆನಿಸುತ್ತದೆ. ವ್ಯಾಪಾರಿಗಳ ಹಾಡಿನಲ್ಲಿ ಒಂದು ಮಾತ್ರೆ ಸದಾ ಕುಂಟುತ್ತಿರುವಂತೆ ಕೇಳಿಸುವುದರಿಂದ, ಆ ಸ್ಥಳದಲ್ಲಿ ಏನೋ ಸರಿಯಿಲ್ಲವೆಂಬ ಭಾವವು ಮಾತಿಗೆ ಮೊದಲೇ ಮನಸ್ಸಿಗೆ ಬರುತ್ತದೆ. ರಾಜ ಹೆರೋದನ ಹಾಡಾದರೋ ಹಳೆಯ ವಿನೋದಶಾಲೆಯ ಧಾಟಿಯದು. ಪವಾಡ ಮಾಡಿ ತೋರಿಸೆಂದು ಅವನು ಯೇಸುವನ್ನು ಹಾಸ್ಯ ಮಾಡುತ್ತಾನೆ.

ಆದರೆ ಜನರನ್ನು ಕೆರಳಿಸಿದ್ದು ವಾದ್ಯವಲ್ಲ. ಕಥೆಯನ್ನು ಯಾರ ಬಾಯಿಂದ ಹೇಳಿಸಿದರೆಂಬುದು. ಇಲ್ಲಿ ಮೊದಲು ಹಾಡುವವನು ಇಸ್ಕರಿಯೋತ ಯೂದ, ಮೂವತ್ತು ಬೆಳ್ಳಿಯ ನಾಣ್ಯಗಳಿಗೆ ಗುರುವನ್ನು ಹಿಡಿದುಕೊಟ್ಟ ಶಿಷ್ಯ. ಆರಂಭದಲ್ಲಿಯೇ ಅವನು ತನ್ನ ಭಯವನ್ನು ತೋಡಿಕೊಳ್ಳುತ್ತಾನೆ: ಗುರುವಿನ ಉಪದೇಶಕ್ಕಿಂತ ಗುರುವಿನ ವ್ಯಕ್ತಿತ್ವವೇ ದೊಡ್ಡದಾಗುತ್ತಿದೆ, ಜನರು ಹುಚ್ಚೆದ್ದಿದ್ದಾರೆ, ರೋಮಿನ ಅಧಿಕಾರವು ನಮ್ಮನ್ನೆಲ್ಲ ಹೊಸಕಿ ಹಾಕುತ್ತದೆ. ಬಾಬ್ ಡಿಲನ್ನನ ಒಂದು ಹಳೆಯ ಗೀತೆಯಲ್ಲಿ ಯೂದನ ಪಕ್ಷದಲ್ಲಿ ದೇವರಿದ್ದನೇ ಎಂಬ ಪ್ರಶ್ನೆಯನ್ನು ಕೇಳಿದ್ದೇ ಟಿಮ್ ರೈಸನಿಗೆ ಪ್ರೇರಣೆಯಂತೆ. ಸುವಾರ್ತೆಗಳಲ್ಲಿ ಯೂದನು ಮಾತನಾಡುವುದು ಕೆಲವೇ ವಾಕ್ಯ. ಬೆಲೆಬಾಳುವ ಸುಗಂಧತೈಲವನ್ನು ಗುರುವಿನ ಪಾದಕ್ಕೆ ಸುರಿದಾಗ, ಮುನ್ನೂರು ನಾಣ್ಯಗಳಿಗೆ ಇದನ್ನು ಮಾರಿ ಬಡವರಿಗೆ ಹಂಚಬಾರದಾಗಿತ್ತೇ ಎಂದು ಆತ ಆಕ್ಷೇಪಿಸಿದ್ದು ಯೋಹಾನನ 12ನೆಯ ಅಧ್ಯಾಯದಲ್ಲಿದೆ. ಅವನು ಕಳ್ಳನಾದ್ದರಿಂದ ಹಾಗೆ ಹೇಳಿದನೆಂದು ಸುವಾರ್ತೆ ಕೂಡಲೇ ಸ್ಪಷ್ಟಪಡಿಸುತ್ತದೆ. ಒಪೆರಾ ಆ ಸ್ಪಷ್ಟೀಕರಣವನ್ನು ತೆಗೆದುಹಾಕಿ ಆಕ್ಷೇಪವನ್ನು ಮಾತ್ರ ಉಳಿಸಿಕೊಂಡಿತು. ಒಂದೇ ವಾಕ್ಯವನ್ನು ಬಿಟ್ಟದ್ದರಿಂದ ದ್ರೋಹಿಯು ವಿಚಾರವಂತನಾದನು. ಅಂದಹಾಗೆ ತೈಲ ಸುರಿದವಳು ಮೂಲದಲ್ಲಿ ಬೇಥಾನ್ಯದ ಮರಿಯಳು, ಮಗ್ದಲದ ಮರಿಯಳಲ್ಲ. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಒಂದನೆಯ ಗ್ರೆಗರಿಯ ಪ್ರವಚನದಿಂದ ಇಬ್ಬರೂ ಒಬ್ಬಳೆಂಬ ನಂಬಿಕೆ ಪಾಶ್ಚಾತ್ಯ ಇಗರ್ಜಿಯಲ್ಲಿ ಊರಿತ್ತು. ಆದ್ದರಿಂದ ಈ ತಪ್ಪನ್ನು ರಾಕ್ ಸಂಗೀತದವರ ತಲೆಗೆ ಕಟ್ಟಲಾಗದು.

ಎದುರಾಳಿಯ ಎದೆಯೊಳಗೆ ಹೊಕ್ಕು ನೋಡುವುದು ಕನ್ನಡಿಗರಿಗೆ ಹೊಸತಲ್ಲ. ರನ್ನನ ದುರ್ಯೋಧನನನ್ನೂ ನಾಗಚಂದ್ರನ ರಾವಣನನ್ನೂ ಓದಿದವರು, ಯೂದನಿಗೆ ದನಿ ಕೊಟ್ಟ ಮಾತ್ರಕ್ಕೆ ಧರ್ಮ ಕೆಟ್ಟಿತೆಂದು ಹೇಳಲಾರರು.

ಎರಡನೆಯ ಆಕ್ಷೇಪ ಯೇಸುವಿನ ಚಿತ್ರಣವನ್ನು ಕುರಿತದ್ದು. ಇಲ್ಲಿ ಆತನು ದಣಿಯುತ್ತಾನೆ, ಸಿಡುಕುತ್ತಾನೆ, ರೋಗಿಗಳ ಗುಂಪು ಮುತ್ತಿದಾಗ ಬೇಸತ್ತು ದೂರ ಸರಿಯುತ್ತಾನೆ. ಗೆತ್ಸೆಮನೆ ತೋಟದಲ್ಲಿ, ನಾನೇಕೆ ಸಾಯಬೇಕೆಂದು ತಂದೆಯನ್ನು ಪ್ರಶ್ನಿಸುತ್ತಾನೆ. ಮೊದಲ ಧ್ವನಿಮುದ್ರಿಕೆಯಲ್ಲಿ ‘ಡೀಪ್ ಪರ್ಪಲ್’ ಮೇಳದ ಇಯಾನ್ ಗಿಲನ್ ಈ ಭಾಗವನ್ನು ಹಾಡಿದ ಬಗೆ ಕೇಳುವವರ ಎದೆ ನಡುಗಿಸುವಂಥದು. ದೇವರಿಗೆ ಭಯವನ್ನು ಆರೋಪಿಸಿದರೆಂದು ಬಹುಜನ ಕನಲಿದರು. ಆದರೆ ಈ ಭಯ ಕಲ್ಪಿತವಲ್ಲ. ಪ್ರಾಣ ಹೋಗುವಷ್ಟು ದುಃಖ ತನಗಾಗಿದೆಯೆಂದು ಯೇಸು ಶಿಷ್ಯರಿಗೆ ಹೇಳಿದ್ದೂ, ಈ ಪಾತ್ರೆಯು ನನ್ನಿಂದ ತೊಲಗಲಿ ಎಂದು ಬೇಡಿದ್ದೂ ಮತ್ತಾಯನಲ್ಲಿಯೇ ಇದೆ. ಬೆವರು ರಕ್ತದ ಹನಿಗಳಂತೆ ಬಿದ್ದಿತೆಂದು ಲೂಕನಲ್ಲಿದೆ. ಮೂಲದಲ್ಲಿ ಎರಡು ಮೂರು ವಾಕ್ಯವಿದ್ದದ್ದು ಇಲ್ಲಿ ಆರು ನಿಮಿಷವಾಯಿತಷ್ಟೆ. ಕೊನೆಗೆ ತಂದೆಯ ಇಚ್ಛೆಗೆ ತಲೆಬಾಗುವುದು ಇಲ್ಲಿಯೂ ಉಂಟು. ಭಯವನ್ನು ಬಲ್ಲವನ ಶರಣಾಗತಿ, ಭಯವನ್ನೇ ಅರಿಯದವನ ಶರಣಾಗತಿಗಿಂತ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಮೂರನೆಯ ಆಕ್ಷೇಪವೇ ನಿಜವಾಗಿ ಭಾರವಾದದ್ದು. 1971ರ ಅಕ್ಟೋಬರ್ 12ರಂದು ನ್ಯೂಯಾರ್ಕಿನ ಮಾರ್ಕ್ ಹೆಲಿಂಜರ್ ನಾಟಕಶಾಲೆಯಲ್ಲಿ ಕೃತಿಯು ರಂಗಕ್ಕೇರಿದಾಗ ಹೊರಗೆ ಫಲಕ ಹಿಡಿದು ನಿಂತವರಲ್ಲಿ ಕ್ರೈಸ್ತರಷ್ಟೇ ಅಲ್ಲ, ಯೆಹೂದ್ಯರೂ ಇದ್ದರು. ಯೇಸುವನ್ನು ಕೊಂದವರು ಯೆಹೂದ್ಯರೆಂಬ ಆರೋಪವನ್ನು ಹೊರಿಸಿ ಯೂರೋಪಿನಲ್ಲಿ ಶತಮಾನಗಳ ಕಾಲ ಆ ಜನರನ್ನು ಹಿಂಸಿಸಿದ ಚರಿತ್ರೆಯನ್ನು ಎಲ್ಲರೂ ಬಲ್ಲರು. ಆ ದೋಷವನ್ನು ಇಡೀ ಜನಾಂಗದ ಮೇಲೆ ಹೊರಿಸಬಾರದೆಂದು ಕ್ಯಾಥೊಲಿಕ್ ಸಭೆಯು 1965ರ ಅಕ್ಟೋಬರ್ 28ರಂದು ವಿಧ್ಯುಕ್ತವಾಗಿ ಸಾರಿತ್ತು. ಆರು ವರ್ಷ ತುಂಬುವ ಮೊದಲೇ ಈ ರಂಗದ ಮೇಲೆ ಯಾಜಕರು ಮತ್ತೆ ಕೇಡಿಗರ ಕೂಟವಾಗಿ ಕಾಣಿಸಿಕೊಂಡರು. ಮಹಾಯಾಜಕ ಕಾಯಫನ ಪಾತಾಳದ ದನಿ ಕೇಳಿದರೇ ಸಾಕು. ಇನ್ನೊಂದು ಸೂಕ್ಷ್ಮವೂ ಇದೆ. ಆ ನೀತಿವಂತನ ಗೊಡವೆಗೆ ಹೋಗಬೇಡವೆಂದು ಎಚ್ಚರಿಸುವ ಕನಸು ಮತ್ತಾಯನಲ್ಲಿ ಬೀಳುವುದು ರೋಮನ್ ಅಧಿಪತಿ ಪಿಲಾತನ ಹೆಂಡತಿಗೆ. ಒಪೆರಾದಲ್ಲಿ ಕನಸು ಕಾಣುವವನು ಸ್ವತಃ ಪಿಲಾತ. ಮೂವತ್ತೊಂಬತ್ತು ಚಾಟಿಯೇಟುಗಳನ್ನು ಒಂದೊಂದಾಗಿ ಎಣಿಸುತ್ತ ಆತ ಕುಸಿದುಹೋಗುವುದನ್ನು ನೋಡಿ ಪ್ರೇಕ್ಷಕರು ಮರುಗುತ್ತಾರೆ. ಶಿಲುಬೆಗೇರಿಸಿದ್ದು ರೋಮಿನ ಆಡಳಿತ. ಕರುಣೆ ದೊರೆತದ್ದೂ ರೋಮಿನ ಅಧಿಕಾರಿಗೇ. ರಚಿಸಿದವರ ಮನಸ್ಸಿನಲ್ಲಿ ದ್ವೇಷವಿತ್ತೆಂದು ನಾನು ಹೇಳುವುದಿಲ್ಲ. ಹಳೆಯ ಕಥೆಯನ್ನು ಹೊಸ ವಾದ್ಯದಲ್ಲಿ ಹೇಳುವವನು ವಾದ್ಯದ ವಿಷಯದಲ್ಲಿ ತೋರಿದ ಧೈರ್ಯವನ್ನು ಕಥೆಯೊಳಗಿನ ಹಳೆಯ ವಿಷದ ವಿಷಯದಲ್ಲಿಯೂ ತೋರಬೇಕಾಗಿತ್ತು.

ನಾಟಕವಂತೂ ಗೆದ್ದಿತು. ನ್ಯೂಯಾರ್ಕಿನಲ್ಲಿ 711 ಪ್ರಯೋಗಗಳಾದವು. ನಿರ್ದೇಶಕನ ಅದ್ದೂರಿ ವೇಷಭೂಷಣಗಳು ಸ್ವತಃ ವೆಬ್ಬರನಿಗೇ ಹಿಡಿಸಲಿಲ್ಲ. ಪರವಾನಗಿಯ ಕಾಟ ಮುಗಿದಿದ್ದ ಲಂಡನ್ನಿನಲ್ಲಿ 1972ರ ಆಗಸ್ಟ್ 9ರಂದು ಆರಂಭವಾಗಿ 1980ರವರೆಗೆ 3,358 ಪ್ರಯೋಗಗಳನ್ನು ಕಂಡಿತು. ಇಸ್ರೇಲಿನ ಮರುಭೂಮಿಯಲ್ಲಿಯೇ ಚಿತ್ರೀಕರಿಸಿದ ಚಲನಚಿತ್ರ 1973ರಲ್ಲಿ ಬಂದಿತು. ನಮ್ಮ ಮುಂಬಯಿಯಲ್ಲಿ 1970ರ ದಶಕದಲ್ಲಿ ಅಲೀಕ್ ಪದಮ್‌ಸೀ ಅದನ್ನು ರಂಗಕ್ಕೆ ತಂದಾಗ, ಮರಾಠಿ ರಂಗಭೂಮಿಯ ಆತ್ಮಾರಾಮ ಭೇಂಡೆಯವರ ಮಗ ನಂದು ಭೇಂಡೆ ಯೂದನಾಗಿ ಹಾಡಿದರು.

ಅದೇ ವರ್ಷಗಳ ಇನ್ನೊಂದು ಕೃತಿಯನ್ನು ಇಲ್ಲಿ ನೆನೆಯದಿದ್ದರೆ ಲೇಖನ ಅಪೂರ್ಣವಾದೀತು. ಜಾನ್ ಮೈಕೇಲ್ ಟೆಬೆಲಾಕ್ ಎಂಬ ನಾಟಕ ವಿದ್ಯಾರ್ಥಿ 1970ರ ಈಸ್ಟರ್ ಹಬ್ಬದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಇಗರ್ಜಿಗೆ ಹೋಗಿದ್ದನು. ಅಲ್ಲಿದ್ದವರ ಮುಖದಲ್ಲಿ ಹಬ್ಬದ ಸಂತೋಷವೇ ಇರಲಿಲ್ಲವಂತೆ. ಪೂಜೆ ಮುಗಿಸಿ ಹೊರಡುವಾಗ, ಉದ್ದ ಕೂದಲಿನ ಈ ಹುಡುಗನ ಬಳಿ ಮಾದಕವಸ್ತು ಇದ್ದೀತೆಂದು ಪೊಲೀಸನೊಬ್ಬನು ಮೈತಡವಿ ನೋಡಿದನು. ಆ ನೋವಿನಿಂದ ಹುಟ್ಟಿದ್ದು ‘ಗಾಡ್‌ಸ್ಪೆಲ್’. ಶುಭವಾರ್ತೆ ಎಂಬರ್ಥದ ಹಳೆಯ ಇಂಗ್ಲಿಷ್ ಪದ ಅದು. ಮೊದಲು ಅವನ ಸ್ನಾತಕೋತ್ತರ ಪದವಿಯ ಪ್ರಬಂಧವಾಗಿ ರಂಗಕ್ಕೆ ಬಂದು, ಬಳಿಕ ಸ್ಟೀಫನ್ ಶ್ವಾರ್ಟ್ಸ್ ಕಟ್ಟಿದ ಹೊಸ ಸಂಗೀತದೊಡನೆ 1971ರ ಮೇ 17ರಂದು ನ್ಯೂಯಾರ್ಕಿನ ಚಿಕ್ಕ ನಾಟಕಶಾಲೆಯೊಂದರಲ್ಲಿ ಆರಂಭವಾಯಿತು. ಶ್ವಾರ್ಟ್ಸ್ ಯೆಹೂದ್ಯ ಮನೆತನದವನು. ಇದರಲ್ಲಿ ಯೇಸು ಮತ್ತು ಶಿಷ್ಯರು ವಿದೂಷಕರ ಬಣ್ಣ ಬಳಿದುಕೊಂಡು ಮತ್ತಾಯನ ದೃಷ್ಟಾಂತಕಥೆಗಳನ್ನು ಮಕ್ಕಳಾಟದಂತೆ ಆಡುತ್ತಾರೆ. ವಿದೂಷಕ ವೇಷವನ್ನು ಕಂಡು ಸಿಟ್ಟಾದವರಿದ್ದರು. ಆದರೆ ಉಪದೇಶವೆಲ್ಲ ಹೆಚ್ಚುಕಡಮೆ ಮೂಲದ್ದೇ. ಸೂಪರ್‌ಸ್ಟಾರ್ ಕೃತಿಯಲ್ಲಿ ಗುರುವಿನ ಸಾವಿದೆ, ಬೋಧೆ ಅತ್ಯಲ್ಪ; ಗಾಡ್‌ಸ್ಪೆಲ್ ಕೃತಿಯಲ್ಲಿ ಬೋಧೆಯೇ ಜೀವ. ಮನೆಯವರೆಲ್ಲ ಕೂಡಿ ನೋಡುವುದಕ್ಕೆ ಎರಡರಲ್ಲಿ ಇದೇ ಮೇಲೆಂದು ನನಗನಿಸುತ್ತದೆ, ಸಂಗೀತದಲ್ಲಿ ಮೊದಲಿನದು ಮಿಗಿಲಾಗಿದ್ದರೂ.

ಸೂಪರ್‌ಸ್ಟಾರ್ ಕೃತಿಯ ಮೇಲಿರುವ ಕೊನೆಯ ದೂರು, ಅದು ಪುನರುತ್ಥಾನವನ್ನು ಬಿಟ್ಟುಬಿಟ್ಟಿದೆ ಎಂಬುದು. ಮೂರನೆಯ ದಿನ ಯೇಸು ಎದ್ದು ಬಂದನೆಂಬುದೇ ಕ್ರೈಸ್ತರ ನಂಬಿಕೆಯ ತಿರುಳು. ಅದಿಲ್ಲದೆ ಕಥೆ ಶುಕ್ರವಾರಕ್ಕೇ ನಿಂತರೆ ಉಳಿಯುವುದೇನು? ಇಲ್ಲಿ ನಾವು ಬಾಖನ ‘ಮತ್ತಾಯನ ಯಾತನಾಗೀತ’ವನ್ನು ನೆನೆಯಬೇಕು. 1727ರ ಶುಭ ಶುಕ್ರವಾರದಂದು ಜರ್ಮನಿಯ ಲೈಪ್ಸಿಗ್ ನಗರದ ಇಗರ್ಜಿಯಲ್ಲಿ ಹಾಡಿದ ಆ ಮಹಾಕೃತಿಯೂ ಸಮಾಧಿಯ ಬಳಿಯೇ ಮುಗಿಯುತ್ತದೆ. ಅದರಲ್ಲಿಯೂ ಪುನರುತ್ಥಾನವಿಲ್ಲ. ಹಾಗಾದರೆ ಬಾಖನಿಗೆ ಬಾರದ ದೂರು ಇವರಿಗೇಕೆ ಬಂದಿತು? ವ್ಯತ್ಯಾಸವಿರುವುದು ಕೃತಿಯಲ್ಲಲ್ಲ, ಕೃತಿಯ ಸುತ್ತ. ಲೈಪ್ಸಿಗಿನ ಭಕ್ತರು ಶುಕ್ರವಾರ ಅತ್ತು ಮನೆಗೆ ಹೋಗಿ ಭಾನುವಾರ ಅದೇ ಇಗರ್ಜಿಗೆ ಈಸ್ಟರ್ ಹಬ್ಬಕ್ಕೆ ಬರುತ್ತಿದ್ದರು. ಕೃತಿಯು ಬಿಟ್ಟದ್ದನ್ನು ಪಂಚಾಂಗ ತುಂಬಿಕೊಡುತ್ತಿತ್ತು. ನಾಟಕಶಾಲೆಗೆ ಅಂಥ ಭಾನುವಾರವಿಲ್ಲ. ಅಲ್ಲಿ ಪರದೆ ಬಿದ್ದರೆ ಮುಗಿಯಿತು. ಮರುದಿನ ಮತ್ತೆ ಅದೇ ಶುಕ್ರವಾರ. ರಂಗಕ್ಕೆ ಬಂದ ಯಾವ ಧರ್ಮಕಥೆಗೂ ಇರುವ ತೊಡಕು ಇದೇ ಎಂದು ನನಗೆ ತೋರುತ್ತದೆ. ವ್ರತ, ಹಬ್ಬ, ಮನೆಯ ಹಿರಿಯರ ಮಾತು, ಇವುಗಳ ನಡುವೆ ಇದ್ದ ಕಥೆಯನ್ನು ಬಿಡಿಸಿ ತಂದು ಒಂಟಿಯಾಗಿ ನಿಲ್ಲಿಸಿದಾಗ ಅದು ಎಷ್ಟೇ ಸುಂದರವಾಗಿದ್ದರೂ ಅರ್ಧವೇ. ಆ ಇನ್ನರ್ಧವನ್ನು ಕೇಳುವವನು ಮನೆಯಿಂದಲೇ ತರಬೇಕಾಗುತ್ತದೆ.

ಈ ತರುಣ ರಚನಕಾರರು ಅದನ್ನು ಅರಿತೇ ಇದ್ದರೋ ಏನೋ. ಕೊನೆಯ ಭಾಗದಲ್ಲಿ ಹಾಡಿಲ್ಲ. ಮಾತೇ ಇಲ್ಲದ ವಾದ್ಯಗೀತ. ‘ಯೋಹಾನ ಹತ್ತೊಂಬತ್ತು: ನಲವತ್ತೊಂದು’ ಎಂಬುದಷ್ಟೇ ಅದರ ಶೀರ್ಷಿಕೆ. ಶಿಲುಬೆಯ ಸ್ಥಳದಲ್ಲಿ ಒಂದು ತೋಟವಿತ್ತು, ತೋಟದಲ್ಲಿ ಯಾರನ್ನೂ ಇಡದ ಹೊಸ ಸಮಾಧಿಯಿತ್ತು ಎಂದು ತಿಳಿಸುವ ವಚನ ಅದು. ಅದರ ಮುಂದೆ ಅಧ್ಯಾಯದಲ್ಲಿ ಉಳಿದಿರುವುದು ಒಂದೇ ವಚನ.

ಕಾಲವು ಉಳಿದುದನ್ನೆಲ್ಲ ತನ್ನದೇ ರೀತಿಯಲ್ಲಿ ತೀರಿಸುತ್ತ ಬಂದಿದೆ. ನ್ಯೂಯಾರ್ಕಿನಲ್ಲಿ ಯೇಸುವಾಗಿ ಹಾಡಿದ ಜೆಫ್ ಫೆನ್‌ಹೋಲ್ಟ್ ಮುಂದೆ ಕ್ರೈಸ್ತ ಧರ್ಮಪ್ರಚಾರಕನಾದನು. ಜನರು ಫಲಕ ಹಿಡಿದು ಪ್ರತಿಭಟಿಸಿದ ಆ ಮಾರ್ಕ್ ಹೆಲಿಂಜರ್ ನಾಟಕಶಾಲೆಯನ್ನು 1989ರಲ್ಲಿ ಟೈಮ್ಸ್ ಸ್ಕ್ವೇರ್ ಚರ್ಚಿನವರು ಬಾಡಿಗೆಗೆ ಹಿಡಿದು 1991ರಲ್ಲಿ ಕೊಂಡರು. 2018ರ ಏಪ್ರಿಲ್ 1ರಂದು, ಈಸ್ಟರ್ ಭಾನುವಾರವೇ, ಅಮೆರಿಕದ ದೂರದರ್ಶನವು ಈ ಒಪೆರಾವನ್ನು ನೇರವಾಗಿ ಪ್ರಸಾರ ಮಾಡಿತು. ಕರಿಯ ಗಾಯಕ ಜಾನ್ ಲೆಜೆಂಡ್ ಅಂದಿನ ಯೇಸು. 2025ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್ ರಂಗದಲ್ಲಿ ಸಿಂತಿಯಾ ಎರಿವೊ ಎಂಬ ಗಾಯಕಿ ಯೇಸುವಾಗಿ ಹಾಡಿದಳು. ಮತ್ತೆ ಟೀಕೆ ಎದ್ದಿತು, ಮತ್ತೆ ಜನ ನೆರೆದರು.

ಕೇಳಬಯಸುವ ಬಂಧುಗಳು ಚಲನಚಿತ್ರಕ್ಕಿಂತ ಮೊದಲು 1970ರ ಧ್ವನಿಮುದ್ರಿಕೆಯನ್ನೇ ಕೇಳುವುದು ಮೇಲು. ಒಟ್ಟು ಸುಮಾರು ಒಂದೂವರೆ ಗಂಟೆ. ಅದಕ್ಕೆ ಮುಂಚೆ ಕನ್ನಡ ಸತ್ಯವೇದದಲ್ಲಿ ಮತ್ತಾಯನ 26, 27ನೆಯ ಅಧ್ಯಾಯಗಳನ್ನು ಮಕ್ಕಳಿಗೆ ಓದಿ ಹೇಳಿರಬೇಕು. ಮಾತಿಲ್ಲದ ಕೊನೆಯ ಭಾಗ ಬಂದಾಗ ಯೋಹಾನನ 20ನೆಯ ಅಧ್ಯಾಯವನ್ನು ತೆರೆದು ಮುಂದಿಟ್ಟುಕೊಂಡಿರಿ.